ಕ್ವಾಂಟಂ ಸಂವಹನ ಮಾರ್ಗಗಳ ಗೌಪ್ಯ ಸಾಮರ್ಥ್ಯ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ ಹಾಗೂ ಸುತ್ತಮುತ್ತಲಿನ ಗ್ರಾಮಗಳ ನಾಗರಿಕರು ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳ ಮಾಹಿತಿಯು ಗಣಕಯಂತ್ರದಲ್ಲಿ ದಾಖಲಾಗಿ, ಸಂಪರ್ಕಜಾಲದ ಮೂಲಕ ಬೆಂಗಳೂರಿನಲ್ಲಿರುವ ರಾಜ್ಯ ದತ್ತಾಂಶ ಕೇಂದ್ರದವರೆಗೆ ಸಾಗುತ್ತದೆ. ಈ ಮಾಹಿತಿಯಲ್ಲಿ ಅರ್ಜಿದಾರರ ಹೆಸರು, ವಿಳಾಸ, ಆದಾಯ, ಬ್ಯಾಂಕ್ ಖಾತೆ, ಜಮೀನಿನ ವಿವರ ಇತ್ಯಾದಿ ಅಡಕವಾಗಿರುತ್ತವೆ.

ಸದರಿ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಕಾಪಾಡುವ ಹೊಸ ವಿಧಾನಗಳಲ್ಲಿ ಕ್ವಾಂಟಂ ಸಂವಹನವೂ ಒಂದು. ಈ ವಿಧಾನದ ಬಗ್ಗೆ ಸಾರ್ವಜನಿಕರಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳು ಕಂಡುಬರುತ್ತವೆ. ಕ್ವಾಂಟಂ ಮಾರ್ಗವೊಂದಿದ್ದರೆ ಎಷ್ಟು ಮಾಹಿತಿಯನ್ನಾದರೂ, ಎಷ್ಟು ದೂರಕ್ಕಾದರೂ ಗುಟ್ಟಾಗಿ ಕಳುಹಿಸಬಹುದೆಂಬುದು ಮೊದಲನೆಯದು. ಇದು ಪ್ರಯೋಗಾಲಯಕ್ಕೆ ಮಾತ್ರ ಸೀಮಿತವಾದ ವಿಷಯವಾಗಿದ್ದು ಸಾಮಾನ್ಯ ಅರ್ಜಿದಾರರಿಗೆ ಸಂಬಂಧಿಸಿದ್ದಲ್ಲವೆಂಬುದು ಎರಡನೆಯದು. ಇವೆರಡೂ ಸರಿಯಲ್ಲ. ಪ್ರತಿಯೊಂದು ಮಾರ್ಗಕ್ಕೂ ಅದು ಗುಟ್ಟಾಗಿ ಹೊರಬಲ್ಲ ಮಾಹಿತಿಗೆ ಒಂದು ನಿಶ್ಚಿತ ಮಿತಿಯುಂಟು. ಆ ಮಿತಿಯನ್ನು ಉಪಕರಣದ ಬೆಲೆಗಿಂತ ಮಾರ್ಗದ ನಷ್ಟ ಮತ್ತು ಗದ್ದಲವೇ ನಿರ್ಧರಿಸುತ್ತವೆ. ಈ ಮಿತಿಗೆ ‘ಗೌಪ್ಯ ಸಾಮರ್ಥ್ಯ’ ಎಂದು ಹೆಸರು. ಅದರ ಅರ್ಥ, ಲೆಕ್ಕ ಹಾಗೂ ನಾಗರಿಕರಿಗೆ ಅದರಿಂದಾಗುವ ಪರಿಣಾಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಈಗಿನ ರಕ್ಷಣೆ ಮತ್ತು ಅದರ ಕಾಲಮಿತಿ

ಅಂತರಜಾಲದಲ್ಲಿ ಸಾಗುವ ಮಾಹಿತಿಯನ್ನು ಸಾಮಾನ್ಯವಾಗಿ ಗೂಢಲಿಪಿಗೆ ಪರಿವರ್ತಿಸಿ ಕಳುಹಿಸಲಾಗುತ್ತದೆ. ಗೂಢಲಿಪಿಯನ್ನು ಬಿಡಿಸಲು ಬೇಕಾದ ಗುಪ್ತ ಸಂಖ್ಯೆಗೆ ‘ಕೀಲಿ’ ಎನ್ನುತ್ತಾರೆ. ದೂರದ ಎರಡು ಕಚೇರಿಗಳು ಒಂದೇ ಕೀಲಿಯನ್ನು ಹೊಂದಲು ಬಹಳ ಕಾಲದಿಂದ ಬಳಕೆಯಲ್ಲಿರುವ ವಿಧಾನಗಳು ಕಠಿಣ ಗಣಿತ ಸಮಸ್ಯೆಗಳನ್ನು ಆಧರಿಸಿವೆ. ಉದಾಹರಣೆಗೆ, ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಆ ಎರಡು ಸಂಖ್ಯೆಗಳನ್ನು ಹುಡುಕುವುದು ಬಹು ಕಷ್ಟ.

ದೊಡ್ಡ ಕ್ವಾಂಟಂ ಗಣಕಯಂತ್ರವೊಂದು ನಿರ್ಮಾಣವಾದಲ್ಲಿ ಈ ಸಮಸ್ಯೆಯನ್ನು ಶೀಘ್ರವಾಗಿ ಬಿಡಿಸಬಹುದೆಂದು ಪೀಟರ್ ಶೋರ್ ಅವರು 1994ರಲ್ಲಿ ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಸಿದ್ಧವಾಗಿಲ್ಲ. ಆದರೆ ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಇಂದು ನಕಲು ಮಾಡಿಟ್ಟುಕೊಂಡು, ಯಂತ್ರ ಸಿದ್ಧವಾದ ನಂತರ ಬಿಡಿಸಲು ಸಾಧ್ಯವಿದೆ. ಪಾಸ್‌ವರ್ಡನ್ನು ಬದಲಾಯಿಸಬಹುದು, ಬೆರಳಚ್ಚು, ಜನ್ಮ ದಿನಾಂಕ, ಕುಟುಂಬದ ವಿವರಗಳನ್ನು ಬದಲಾಯಿಸಲಾಗದು. ಶಾಲೆಗೆ ಸೇರುವ ಮಗುವಿನ ಹೆಸರಿನಲ್ಲಿ ಇಂದು ಪಡೆಯುವ ಪ್ರಮಾಣಪತ್ರದ ವಿವರಗಳು ಆ ಮಗುವಿನ ಜೀವಮಾನವಿಡೀ ಗೌಪ್ಯವಾಗಿರಬೇಕಾಗುತ್ತದೆ. ಈ ಕಾರಣದಿಂದ, ‘ಈಗ ಗುಟ್ಟಾಗಿದೆಯೇ’ ಎಂಬುದರ ಜೊತೆಗೆ ‘ಎಷ್ಟು ವರ್ಷ ಗುಟ್ಟಾಗಿರುತ್ತದೆ’ ಎಂಬ ಪ್ರಶ್ನೆಯೂ ಮುಖ್ಯವಾಗಿದೆ.

3. ಪದಗಳ ಅರ್ಥ

(ಅ) ಬಿಟ್: ಮಾಹಿತಿಯ ಅತಿ ಚಿಕ್ಕ ಘಟಕ. ಅದರ ಬೆಲೆ 0 ಅಥವಾ 1 ಆಗಿರುತ್ತದೆ.

(ಆ) ಫೋಟಾನ್: ಬೆಳಕಿನ ಅತಿ ಚಿಕ್ಕ ಕಣ. ಒಂದು ಫೋಟಾನನ್ನು ಒಡೆದು ಅರ್ಧ ಭಾಗವನ್ನು ಕದಿಯಲಾಗದು. ಅದರ ಅಪರಿಚಿತ ಸ್ಥಿತಿಯನ್ನು ಯಥಾವತ್ತಾಗಿ ನಕಲು ಮಾಡಲೂ ಆಗದು. ಈ ಎರಡನೆಯ ನಿಯಮವನ್ನು 1982ರಲ್ಲಿ ವೂಟರ್ಸ್ ಮತ್ತು ಜೂರೆಕ್ ಹಾಗೂ ಪ್ರತ್ಯೇಕವಾಗಿ ಡೀಕ್ಸ್ ಅವರು ನಿರೂಪಿಸಿದರು.

(ಇ) ಕ್ವಾಂಟಂ ಮಾರ್ಗ: ಫೋಟಾನ್‌ಗಳನ್ನು ಒಂದೊಂದಾಗಿ, ಅವುಗಳ ಕ್ವಾಂಟಂ ಸ್ಥಿತಿ ಆದಷ್ಟು ಕೆಡದಂತೆ ಸಾಗಿಸುವ ಮಾರ್ಗ. ಆಪ್ಟಿಕಲ್ ಫೈಬರ್ ತಂತು ಅಥವಾ ಬಯಲು ಗಾಳಿ ಇಂತಹ ಮಾರ್ಗವಾಗಬಹುದು.

(ಈ) ಸಾಮರ್ಥ್ಯ: ಮಾರ್ಗವನ್ನು ಒಂದು ಬಾರಿ ಬಳಸಿದಾಗ ಸರಾಸರಿ ಎಷ್ಟು ಬಿಟ್ ಮಾಹಿತಿಯನ್ನು ತಪ್ಪಿಲ್ಲದೆ ಮುಟ್ಟಿಸಬಹುದು ಎಂಬುದರ ಗರಿಷ್ಠ ಮಿತಿ.

(ಉ) ಗೌಪ್ಯ ಸಾಮರ್ಥ್ಯ: ಮೇಲ್ಕಂಡ ಮಾಹಿತಿಯ ಪೈಕಿ, ಸ್ವೀಕರಿಸುವವರನ್ನು ಬಿಟ್ಟು ಬೇರೆ ಯಾರಿಗೂ ತಿಳಿಯದಂತೆ ಮುಟ್ಟಿಸಬಹುದಾದ ಭಾಗದ ಗರಿಷ್ಠ ಮಿತಿ. ಇಲ್ಲಿ ‘ಬೇರೆಯವರು’ ಎಂದರೆ, ಮಾರ್ಗದಿಂದ ಸೋರಿದ ಪ್ರತಿಯೊಂದು ಫೋಟಾನನ್ನೂ ಹಿಡಿದಿಟ್ಟುಕೊಳ್ಳಬಲ್ಲ, ಎಷ್ಟೇ ಶಕ್ತಿಶಾಲಿ ಗಣಕಯಂತ್ರವನ್ನಾದರೂ ಹೊಂದಿರುವ ಕಳ್ಳಗಿವಿಯವರು ಎಂದೇ ಭಾವಿಸಿ ಲೆಕ್ಕ ಹಾಕಲಾಗುತ್ತದೆ.

4. ಬೆಂಗಳೂರು, ಡಿಸೆಂಬರ್ 1984

ಕ್ವಾಂಟಂ ಮಾರ್ಗದ ಮೂಲಕ ಗುಪ್ತ ಕೀಲಿಯನ್ನು ಹಂಚುವ ಮೊದಲ ವಿಧಾನವು ಕರ್ನಾಟಕದ ರಾಜಧಾನಿಯಲ್ಲಿಯೇ ಮಂಡನೆಯಾಯಿತು. 1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಗಣಕಯಂತ್ರ, ವ್ಯವಸ್ಥೆ ಮತ್ತು ಸಂಕೇತ ಸಂಸ್ಕರಣೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದ ನಡಾವಳಿಯಲ್ಲಿ, ಐಬಿಎಂ ಸಂಸ್ಥೆಯ ಚಾರ್ಲ್ಸ್ ಬೆನೆಟ್ ಮತ್ತು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜಿಲ್ ಬ್ರಸಾರ್ ಅವರ ಐದು ಪುಟಗಳ ಪ್ರಬಂಧ ಪ್ರಕಟವಾಗಿದೆ. ಇಬ್ಬರ ಹೆಸರಿನ ಮೊದಲಕ್ಷರ ಹಾಗೂ ವರ್ಷವನ್ನು ಸೇರಿಸಿ ಈ ವಿಧಾನವನ್ನು ‘ಬಿಬಿ84’ ಎಂದು ಕರೆಯಲಾಗುತ್ತದೆ. ಇದರ ಹಂತಗಳು ಈ ಕೆಳಕಂಡಂತಿವೆ.

(1) ಕಳುಹಿಸುವ ಕಚೇರಿಯು ಪ್ರತಿ ಫೋಟಾನಿನ ಮೇಲೆ 0 ಅಥವಾ 1ನ್ನು, ನೇರ ಅಥವಾ ಓರೆ ಎಂಬ ಎರಡು ಕ್ರಮಗಳಲ್ಲಿ ಯಾವುದಾದರೊಂದರಲ್ಲಿ ಬರೆದು ಕಳುಹಿಸುತ್ತದೆ.

(2) ಸ್ವೀಕರಿಸುವ ಕಚೇರಿಯು ಪ್ರತಿ ಫೋಟಾನನ್ನು ತನಗೆ ತೋಚಿದ ಕ್ರಮದಲ್ಲಿ ಅಳೆಯುತ್ತದೆ. ಕ್ರಮ ಹೊಂದಿದರೆ ಸರಿಯಾದ ಉತ್ತರ ದೊರೆಯುತ್ತದೆ. ಹೊಂದದಿದ್ದರೆ ಉತ್ತರಕ್ಕೆ ಅರ್ಥವಿರುವುದಿಲ್ಲ.

(3) ಎರಡೂ ಕಚೇರಿಗಳು ತಾವು ಬಳಸಿದ ಕ್ರಮಗಳನ್ನು ಮಾತ್ರ ಬಹಿರಂಗವಾಗಿ ತಿಳಿಸಿ, ಹೊಂದದಿರುವ ಫಲಿತಾಂಶಗಳನ್ನು ಕೈಬಿಡುತ್ತವೆ. ಸರಿಸುಮಾರು ಅರ್ಧದಷ್ಟು ಉಳಿಯುತ್ತವೆ.

(4) ಉಳಿದವುಗಳ ಪೈಕಿ ಕೆಲವನ್ನು ಮಾದರಿಯಾಗಿ ತಾಳೆ ನೋಡಿ ತಪ್ಪಿನ ಪ್ರಮಾಣವನ್ನು ಕಂಡುಕೊಳ್ಳಲಾಗುತ್ತದೆ. ನಡುವೆ ಯಾರಾದರೂ ಪ್ರತಿಯೊಂದು ಫೋಟಾನನ್ನೂ ತೋಚಿದ ಕ್ರಮದಲ್ಲಿ ಅಳೆದು ಮುಂದಕ್ಕೆ ಕಳುಹಿಸಿದ್ದಲ್ಲಿ, ಶೇಕಡ 25ರಷ್ಟು ತಪ್ಪುಗಳು ಕಾಣಿಸಿಕೊಳ್ಳುತ್ತವೆ.

(5) ತಪ್ಪುಗಳನ್ನು ತಿದ್ದಿದ ನಂತರ, ಕಳ್ಳಗಿವಿಯವರಿಗೆ ತಿಳಿದಿರಬಹುದಾದ ಭಾಗವನ್ನು ಗಣಿತದ ಮೂಲಕ ಹಿಂಡಿ ತೆಗೆದು, ಚಿಕ್ಕದಾದರೂ ಪೂರ್ಣ ಗುಪ್ತವಾದ ಕೀಲಿಯನ್ನು ಪಡೆಯಲಾಗುತ್ತದೆ.

ಐದನೆಯ ಹಂತವು ಬಹು ಮುಖ್ಯವಾದುದು. ಕದ್ದಾಲಿಕೆಯನ್ನು ಪೂರ್ಣವಾಗಿ ತಡೆಯುವುದು ಈ ವಿಧಾನದ ಉದ್ದೇಶವಲ್ಲ. ಎಷ್ಟು ಸೋರಿದೆ ಎಂಬುದನ್ನು ಅಳೆದು, ಅಷ್ಟನ್ನು ಕಳೆದು ಉಳಿದುದನ್ನು ಬಳಸುವುದೇ ಇದರ ತಿರುಳು.

5. ಗೌಪ್ಯ ಸಾಮರ್ಥ್ಯವನ್ನು ನಿರ್ಧರಿಸುವ ಬಗೆ

ಕಾಲುವೆಯಲ್ಲಿ ಬಿಟ್ಟ ನೀರೆಲ್ಲವೂ ಕೊನೆಯ ಹೊಲವನ್ನು ತಲುಪುವುದಿಲ್ಲ. ಸ್ವಲ್ಪ ಭಾಗ ನೆಲದಲ್ಲಿ ಇಂಗುತ್ತದೆ. ಇಂಗಿದ ನೀರು ಪಕ್ಕದ ಬಾವಿಯನ್ನು ಸೇರುವಂತೆ, ಮಾರ್ಗದಲ್ಲಿ ಸೋರಿದ ಫೋಟಾನ್‌ಗಳು ಕಳ್ಳಗಿವಿಯವರ ಕೈ ಸೇರಿರಬಹುದೆಂದು ಭಾವಿಸಬೇಕಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಸ್ವೀಕರಿಸುವವರಿಗೆ ದೊರೆತ ಮಾಹಿತಿಯಿಂದ ಹೊರಗಿನವರಿಗೆ ದೊರೆತಿರಬಹುದಾದ ಮಾಹಿತಿಯನ್ನು ಕಳೆದರೆ ಉಳಿಯುವುದೇ ಗೌಪ್ಯ ಮಾಹಿತಿ. ಕಳುಹಿಸುವ ವಿಧಾನವನ್ನು ಎಷ್ಟು ಜಾಣತನದಿಂದ ಆರಿಸಿದರೂ ಈ ಶಿಲ್ಕು ಯಾವ ಮಟ್ಟವನ್ನು ದಾಟಲಾರದೋ ಅದೇ ಗೌಪ್ಯ ಸಾಮರ್ಥ್ಯ.

ಈ ವಿಚಾರದ ಬೆಳವಣಿಗೆಯ ಮುಖ್ಯ ಘಟ್ಟಗಳು:

1949 – ಸಂದೇಶದಷ್ಟೇ ಉದ್ದವಾದ, ಒಮ್ಮೆ ಮಾತ್ರ ಬಳಸುವ ಕೀಲಿ ಇದ್ದರೆ ಗೂಢಲಿಪಿಯನ್ನು ಯಾವ ಯಂತ್ರದಿಂದಲೂ ಬಿಡಿಸಲಾಗದೆಂದು ಕ್ಲಾಡ್ ಶ್ಯಾನನ್ ಅವರಿಂದ ನಿರೂಪಣೆ.

1973 – ಒಂದು ಕ್ವಾಂಟಂ ಬಿಟ್‌ನಿಂದ ಸ್ವೀಕರಿಸುವವರು ಒಂದು ಸಾಮಾನ್ಯ ಬಿಟ್‌ಗಿಂತ ಹೆಚ್ಚು ಮಾಹಿತಿಯನ್ನು ಪಡೆಯಲಾರರೆಂದು ಅಲೆಕ್ಸಾಂಡರ್ ಹೊಲೆವೊ ಅವರಿಂದ ನಿರೂಪಣೆ.

1975 – ಕದ್ದಾಲಿಸಲ್ಪಡುವ ಸಾಮಾನ್ಯ ಮಾರ್ಗದಲ್ಲಿಯೂ ಗುಟ್ಟಾಗಿ ಕಳುಹಿಸಬಹುದಾದ ಪ್ರಮಾಣವೊಂದಿದೆಯೆಂದು ಆರನ್ ವೈನರ್ ಅವರಿಂದ ನಿರೂಪಣೆ.

2004–2005 – ಕ್ವಾಂಟಂ ಮಾರ್ಗದ ಗೌಪ್ಯ ಸಾಮರ್ಥ್ಯದ ಸೂತ್ರವು ಕಾಯ್, ವಿಂಟರ್ ಮತ್ತು ಯೂಂಗ್ ಅವರಿಂದಲೂ, ಪ್ರತ್ಯೇಕವಾಗಿ ಇಗೊರ್ ಡೆವೆಟಾಕ್ ಅವರಿಂದಲೂ ಪ್ರಕಟಣೆ.

ಒಂದೇ ಮಾರ್ಗಕ್ಕೆ ಮೂರು ಬಗೆಯ ಸಾಮರ್ಥ್ಯಗಳಿರುವುದನ್ನು ಗಮನಿಸತಕ್ಕದ್ದು. ಗುಟ್ಟಿನ ಷರತ್ತಿಲ್ಲದೆ ಸಾಮಾನ್ಯ ಮಾಹಿತಿಯನ್ನು ಸಾಗಿಸುವ ಸಾಮರ್ಥ್ಯವು ಎಲ್ಲಕ್ಕಿಂತ ದೊಡ್ಡದು. ಗೌಪ್ಯ ಸಾಮರ್ಥ್ಯವು ಅದಕ್ಕೆ ಸಮ ಅಥವಾ ಕಡಿಮೆ. ಕ್ವಾಂಟಂ ಸ್ಥಿತಿಯನ್ನೇ ಕೆಡದಂತೆ ಮುಟ್ಟಿಸುವ ಸಾಮರ್ಥ್ಯವು ಗೌಪ್ಯ ಸಾಮರ್ಥ್ಯಕ್ಕೆ ಸಮ ಅಥವಾ ಕಡಿಮೆ. ಆದ್ದರಿಂದ ‘ವೇಗವಾದ ಮಾರ್ಗ’ ಎಂದ ಮಾತ್ರಕ್ಕೆ ‘ಗೌಪ್ಯ ಮಾರ್ಗ’ ಎಂದಾಗುವುದಿಲ್ಲ.

ಕೋಷ್ಟಕ 1: ಬಿಬಿ84 ವಿಧಾನದಲ್ಲಿ ತಪ್ಪಿನ ಪ್ರಮಾಣ ಮತ್ತು ಉಳಿಯುವ ಗುಪ್ತ ಕೀಲಿ (ಮೂರನೆಯ ಹಂತದ ನಂತರ ಉಳಿದ ಪ್ರತಿ ಬಿಟ್‌ಗೆ)

ತಪ್ಪು ಶೇ. 0 – 1.00 ಬಿಟ್
ತಪ್ಪು ಶೇ. 1 – 0.84 ಬಿಟ್
ತಪ್ಪು ಶೇ. 3 – 0.61 ಬಿಟ್
ತಪ್ಪು ಶೇ. 5 – 0.43 ಬಿಟ್
ತಪ್ಪು ಶೇ. 8 – 0.20 ಬಿಟ್
ತಪ್ಪು ಶೇ. 10 – 0.06 ಬಿಟ್
ತಪ್ಪು ಶೇ. 11 – ಬಹುತೇಕ ಸೊನ್ನೆ

ಈ ಲೆಕ್ಕಕ್ಕೆ ಆಧಾರವಾದ ಸುರಕ್ಷತಾ ನಿರೂಪಣೆಯನ್ನು ಪೀಟರ್ ಶೋರ್ ಮತ್ತು ಜಾನ್ ಪ್ರೆಸ್ಕಿಲ್ ಅವರು 2000ದಲ್ಲಿ ನೀಡಿದರು. ಕಳುಹಿಸುವವರು ತಾವೇ ಬೇಕೆಂದು ಸ್ವಲ್ಪ ಗದ್ದಲವನ್ನು ಬೆರೆಸಿದರೆ ಈ ಮಿತಿಯು ಶೇಕಡ 12.4ರವರೆಗೆ ಏರುತ್ತದೆಂದು 2005ರಲ್ಲಿ ಕಂಡುಬಂದಿತು. ಗದ್ದಲದಿಂದ ಸ್ವೀಕರಿಸುವವರಿಗಾಗುವ ನಷ್ಟಕ್ಕಿಂತ ಕಳ್ಳಗಿವಿಯವರಿಗಾಗುವ ನಷ್ಟ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

6. ದೂರ ಹೆಚ್ಚಿದಂತೆ ಸಾಮರ್ಥ್ಯ ಕುಗ್ಗುವ ಬಗೆ

ಉತ್ತಮ ಗುಣಮಟ್ಟದ ಆಪ್ಟಿಕಲ್ ಫೈಬರ್ ತಂತುವಿನಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್ ನಷ್ಟವುಂಟಾಗುತ್ತದೆ. ಅಂದರೆ 15 ಕಿ.ಮೀ. ಸಾಗುವಷ್ಟರಲ್ಲಿ ಅರ್ಧದಷ್ಟು ಫೋಟಾನ್‌ಗಳು ಕಳೆದುಹೋಗುತ್ತವೆ. ಪ್ರತಿ 50 ಕಿ.ಮೀ.ಗೆ ಹತ್ತರಲ್ಲಿ ಒಂದು ಮಾತ್ರ ಉಳಿಯುತ್ತದೆ. ಸಾಮಾನ್ಯ ದೂರಸಂಪರ್ಕದಲ್ಲಿ ನಡುನಡುವೆ ವರ್ಧಕಗಳನ್ನು ಅಳವಡಿಸಿ ಬೆಳಕನ್ನು ಬಲಪಡಿಸಲಾಗುತ್ತದೆ. ಫೋಟಾನಿನ ಅಪರಿಚಿತ ಸ್ಥಿತಿಯನ್ನು ನಕಲು ಮಾಡಲಾಗದ ಕಾರಣ ಕ್ವಾಂಟಂ ಮಾರ್ಗದಲ್ಲಿ ಈ ಉಪಾಯಕ್ಕೆ ಅವಕಾಶವಿಲ್ಲ.

ಇಲ್ಲಿ ಒಂದು ವಿಶೇಷ ಸಂಗತಿಯುಂಟು. ಅರ್ಧಕ್ಕಿಂತ ಹೆಚ್ಚು ಬೆಳಕು ಸೋರಿದಾಗ ಹೊರಗಿನವರ ಕೈಯಲ್ಲಿ ಸ್ವೀಕರಿಸುವವರಿಗಿಂತ ಹೆಚ್ಚು ಫೋಟಾನ್‌ಗಳಿರುತ್ತವೆ. ಆದ್ದರಿಂದ ಒಮ್ಮುಖವಾಗಿ ಕಳುಹಿಸುವುದಷ್ಟೇ ಆದಲ್ಲಿ, ಸುಮಾರು 15 ಕಿ.ಮೀ. ದಾಟಿದ ತಂತುವಿನ ಗೌಪ್ಯ ಸಾಮರ್ಥ್ಯ ಸೊನ್ನೆ. ಆದರೆ ಸ್ವೀಕರಿಸುವ ಕಚೇರಿಯು ‘ಇಂತಿಂಥ ಫೋಟಾನ್‌ಗಳು ತಲುಪಿದವು’ ಎಂದು ಬಹಿರಂಗವಾಗಿ ಹಿಂದಿರುಗಿ ತಿಳಿಸಿದಲ್ಲಿ, ಕಳೆದುಹೋದವುಗಳನ್ನು ಲೆಕ್ಕದಿಂದ ಕೈಬಿಡಬಹುದು. ಎಲ್ಲರಿಗೂ ಕೇಳಿಸುವ ಈ ಮರುಮಾತಿನಿಂದಲೇ ಗೌಪ್ಯತೆಯು ಮತ್ತೆ ಸಾಧ್ಯವಾಗುತ್ತದೆ.

ಮರುಮಾತಿಗೆ ಅವಕಾಶವಿದ್ದಾಗಲೂ ದಾಟಲಾಗದ ಮಿತಿಯೊಂದನ್ನು ಪಿರಾಂಡೊಲಾ, ಲೌರೆಂಜಾ, ಒಟ್ಟಾವಿಯಾನಿ ಮತ್ತು ಬಾಂಕಿ ಅವರು 2017ರಲ್ಲಿ ನಿರೂಪಿಸಿದರು. ದೂರ ಹೆಚ್ಚಿರುವಾಗ ಈ ಮಿತಿಯು, ತಲುಪುವ ಫೋಟಾನ್‌ಗಳ ಪಾಲನ್ನು 1.44ರಿಂದ ಗುಣಿಸಿದಷ್ಟಾಗುತ್ತದೆ. ಸೆಕೆಂಡಿಗೆ 100 ಕೋಟಿ ಬಾರಿ ಬೆಳಕಿನ ಮಿಡಿತವನ್ನು ಕಳುಹಿಸುವ ಉಪಕರಣವಿದೆಯೆಂದು ಭಾವಿಸಿ ಲೆಕ್ಕ ಹಾಕಿದ ಗರಿಷ್ಠ ಪ್ರಮಾಣಗಳು ಈ ಕೆಳಕಂಡಂತಿವೆ.

ಕೋಷ್ಟಕ 2: ನಡುಠಾಣೆಯಿಲ್ಲದ ತಂತುವಿನಲ್ಲಿ ಗುಪ್ತ ಕೀಲಿಯ ಗರಿಷ್ಠ ಮಿತಿ

50 ಕಿ.ಮೀ. – ಪ್ರತಿ ಬಾರಿಗೆ 0.152 ಬಿಟ್, ಸೆಕೆಂಡಿಗೆ 15.2 ಕೋಟಿ ಬಿಟ್
100 ಕಿ.ಮೀ. – ಪ್ರತಿ ಬಾರಿಗೆ 0.0145 ಬಿಟ್, ಸೆಕೆಂಡಿಗೆ 1.45 ಕೋಟಿ ಬಿಟ್
200 ಕಿ.ಮೀ. – ಪ್ರತಿ ಬಾರಿಗೆ 0.000144 ಬಿಟ್, ಸೆಕೆಂಡಿಗೆ 1,44,000 ಬಿಟ್
250 ಕಿ.ಮೀ. – ಪ್ರತಿ ಬಾರಿಗೆ 0.0000144 ಬಿಟ್, ಸೆಕೆಂಡಿಗೆ 14,400 ಬಿಟ್
300 ಕಿ.ಮೀ. – ಪ್ರತಿ ಬಾರಿಗೆ 0.00000144 ಬಿಟ್, ಸೆಕೆಂಡಿಗೆ 1,440 ಬಿಟ್

ಉದಾಹರಣೆಗಾಗಿ, ಬೆಂಗಳೂರಿನಿಂದ ಚಳ್ಳಕೆರೆಗೆ 200 ಕಿ.ಮೀ. ಮತ್ತು ರಾಂಪುರಕ್ಕೆ 250 ಕಿ.ಮೀ. ಉದ್ದದ ತಂತು ಎಂದು ಸ್ಥೂಲವಾಗಿ ಭಾವಿಸಬಹುದು. 100 ಕಿಲೋಬೈಟ್ ಗಾತ್ರದ ಸ್ಕ್ಯಾನ್ ಮಾಡಿದ ದಾಖಲೆಯೊಂದರಲ್ಲಿ 8 ಲಕ್ಷ ಬಿಟ್‌ಗಳಿರುತ್ತವೆ. ಶ್ಯಾನನ್ ಅವರ ನಿಯಮದಂತೆ ಅದನ್ನು ಪೂರ್ಣ ಗುಪ್ತವಾಗಿಡಲು 8 ಲಕ್ಷ ಬಿಟ್ ಉದ್ದದ ಕೀಲಿಯೇ ಬೇಕು. ಚಳ್ಳಕೆರೆಯವರೆಗೆ ಇದಕ್ಕೆ ಕನಿಷ್ಠ 6 ಸೆಕೆಂಡ್, ರಾಂಪುರದವರೆಗೆ ಕನಿಷ್ಠ 56 ಸೆಕೆಂಡ್, 300 ಕಿ.ಮೀ. ದೂರವಿದ್ದಲ್ಲಿ 9 ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಇವು ದೋಷರಹಿತ ಉಪಕರಣಗಳಿದ್ದರೆ ದೊರೆಯುವ ಅಂಕಿಗಳು. ವಾಸ್ತವದಲ್ಲಿ ದೊರೆಯುವ ಪ್ರಮಾಣ ಇದಕ್ಕಿಂತ ಕಡಿಮೆಯಿರುತ್ತದೆ.

ಆದ್ದರಿಂದ ಕ್ವಾಂಟಂ ಮಾರ್ಗದ ಮೂಲಕ ದಾಖಲೆಗಳನ್ನು ಸಾಗಿಸುವ ಪದ್ಧತಿ ಇಲ್ಲ. ಅದರಲ್ಲಿ ಕೀಲಿಯನ್ನು ಮಾತ್ರ ರೂಪಿಸಿಕೊಂಡು, ಗೂಢಲಿಪಿಯಲ್ಲಿರುವ ದಾಖಲೆಯನ್ನು ಸಾಮಾನ್ಯ ಮಾರ್ಗದಲ್ಲಿಯೇ ಕಳುಹಿಸಲಾಗುತ್ತದೆ. 256 ಬಿಟ್ ಉದ್ದದ ಕೀಲಿಯನ್ನು ಬಳಸುವ ಪ್ರಚಲಿತ ಗೂಢಲಿಪಿ ವಿಧಾನವಾದಲ್ಲಿ, ಸೆಕೆಂಡಿಗೆ 14,400 ಬಿಟ್‌ಗಳಿಂದ 56 ಕೀಲಿಗಳು ದೊರೆಯುತ್ತವೆ ಮತ್ತು ಒಂದು ಕೀಲಿಯಿಂದ ಅನೇಕ ದಾಖಲೆಗಳನ್ನು ರಕ್ಷಿಸಬಹುದು. ಆದರೆ ಆಗ ದಾಖಲೆಯ ಗೌಪ್ಯತೆಯು ಪ್ರಕೃತಿ ನಿಯಮದ ಜೊತೆಗೆ ಆ ಗೂಢಲಿಪಿಯ ಗಣಿತ ಬಲವನ್ನೂ ಅವಲಂಬಿಸುತ್ತದೆ. ವೇಗ ಮತ್ತು ಪೂರ್ಣ ಗೌಪ್ಯತೆ ಇವೆರಡರಲ್ಲಿ ಯಾವುದಕ್ಕೆ ಎಷ್ಟು ಆದ್ಯತೆ ನೀಡಬೇಕೆಂಬುದು ಮಾಹಿತಿಯ ಸ್ವರೂಪವನ್ನು ಅವಲಂಬಿಸಿ ತೀರ್ಮಾನವಾಗತಕ್ಕ ವಿಷಯವಾಗಿದೆ.

7. ದೂರದ ಮಿತಿಗೆ ಇರುವ ಪರಿಹಾರಗಳು

(ಅ) ನಂಬಿಕೆಯ ನಡುಠಾಣೆಗಳು: ದೂರವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ಠಾಣೆಯಲ್ಲಿಯೂ ಕೀಲಿಯನ್ನು ಒಮ್ಮೆ ಬಿಡಿಸಿ ಮುಂದಿನ ತುಂಡಿಗೆ ವರ್ಗಾಯಿಸುವುದು. 2017ರಲ್ಲಿ ಚೀನಾ ದೇಶವು ಬೀಜಿಂಗ್ ಮತ್ತು ಶಾಂಘೈ ನಡುವೆ ಆರಂಭಿಸಿದ 2,000 ಕಿ.ಮೀ.ಗೂ ಹೆಚ್ಚು ಉದ್ದದ ಮಾರ್ಗದಲ್ಲಿ 32 ಠಾಣೆಗಳಿವೆ. ಪ್ರತಿಯೊಂದು ಠಾಣೆಯಲ್ಲಿಯೂ ಕೀಲಿಯು ಬಯಲಿಗೆ ಬರುವುದರಿಂದ, ಠಾಣೆಯ ಕೊಠಡಿಗೆ ಪ್ರವೇಶವಿರುವವರು ಅದನ್ನು ತಿಳಿಯಬಲ್ಲರು. ಇಲ್ಲಿ ಗೌಪ್ಯತೆಯನ್ನು ಕಾಯುವುದು ಬೀಗ, ಕಾವಲು ಮತ್ತು ಸಿಬ್ಬಂದಿಯ ಪ್ರಾಮಾಣಿಕತೆಯೇ ಹೊರತು ಫೋಟಾನ್ ಅಲ್ಲ.

(ಆ) ಜೋಡಿ ಮಾರ್ಗ ವಿಧಾನ: ಎರಡೂ ಕಚೇರಿಗಳು ನಡುವಿನ ಒಂದು ಕೇಂದ್ರಕ್ಕೆ ಬೆಳಕನ್ನು ಕಳುಹಿಸುವುದು. 2018ರಲ್ಲಿ ಸೂಚಿತವಾದ ಈ ವಿಧಾನದಲ್ಲಿ ನಡುವಿನ ಕೇಂದ್ರವನ್ನು ನಂಬಬೇಕಾದ ಅಗತ್ಯವಿಲ್ಲ. 2023ರಲ್ಲಿ ಚೀನಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ 1,002 ಕಿ.ಮೀ. ಉದ್ದದ ತಂತುವಿನಲ್ಲಿ ಈ ಬಗೆಯ ಕೀಲಿ ಹಂಚಿಕೆಯನ್ನು ವರದಿ ಮಾಡಿದರು.

(ಇ) ಕ್ವಾಂಟಂ ಪುನರಾವರ್ತಕಗಳು: ಕ್ವಾಂಟಂ ಸ್ಮೃತಿಯನ್ನು ಬಳಸಿ, ಕೀಲಿಯನ್ನು ಬಯಲಿಗೆ ತಾರದೆ ತುಂಡುಗಳನ್ನು ಬೆಸೆಯುವುದು. ಆದರ್ಶ ಪುನರಾವರ್ತಕಗಳನ್ನು 50 ಕಿ.ಮೀ.ಗೆ ಒಂದರಂತೆ ಅಳವಡಿಸಿದಲ್ಲಿ 250 ಕಿ.ಮೀ. ಮಾರ್ಗದ ಮಿತಿಯು ಪ್ರತಿ ಬಾರಿಗೆ 0.152 ಬಿಟ್‌ಗೆ, ಅಂದರೆ ಹತ್ತು ಸಾವಿರ ಪಟ್ಟಿಗೂ ಹೆಚ್ಚಾಗಿ ಏರುತ್ತದೆ. ಇವು ಸಂಶೋಧನೆಯ ಹಂತದಲ್ಲಿವೆ.

(ಈ) ಉಪಗ್ರಹ: ವಾಯುಮಂಡಲವನ್ನು ದಾಟಿದ ನಂತರ ಬೆಳಕಿಗೆ ತಂತುವಿನಲ್ಲಾಗುವಂತಹ ನಷ್ಟವಿಲ್ಲ, ಕಿರಣವು ಹರಡಿಕೊಳ್ಳುವುದರಿಂದ ಆಗುವ ನಷ್ಟವೇ ಮುಖ್ಯ. 2016ರ ಆಗಸ್ಟ್‌ನಲ್ಲಿ ಉಡಾವಣೆಯಾದ ಚೀನಾದ ‘ಮಿಷಿಯಸ್’ ಉಪಗ್ರಹದ ನೆರವಿನಿಂದ 2017ರಲ್ಲಿ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಕ್ವಾಂಟಂ ಕೀಲಿಯಿಂದ ರಕ್ಷಿತವಾದ ವಿಡಿಯೋ ಸಂಭಾಷಣೆ ನಡೆಯಿತು.

8. ಇನ್ನೂ ಬಗೆಹರಿಯದ ಪ್ರಶ್ನೆ

ಎರಡು ಸಾಮಾನ್ಯ ಮಾರ್ಗಗಳನ್ನು ಒಟ್ಟಾಗಿ ಬಳಸಿದರೆ ಅವುಗಳ ಸಾಮರ್ಥ್ಯವು ಬಿಡಿ ಸಾಮರ್ಥ್ಯಗಳ ಮೊತ್ತವೇ ಆಗಿರುತ್ತದೆ. ಕ್ವಾಂಟಂ ಮಾರ್ಗಗಳಿಗೆ ಈ ಕೂಡಿಕೆಯ ಲೆಕ್ಕ ಎಲ್ಲ ಸಂದರ್ಭಗಳಲ್ಲಿಯೂ ಅನ್ವಯಿಸುವುದಿಲ್ಲ. ಕ್ವಾಂಟಂ ಸಾಮರ್ಥ್ಯ ಸೊನ್ನೆಯಾಗಿರುವ ಎರಡು ಮಾರ್ಗಗಳನ್ನು ಜೊತೆಯಾಗಿ ಬಳಸಿದಾಗ ಸೊನ್ನೆಗಿಂತ ಹೆಚ್ಚಿನ ಸಾಮರ್ಥ್ಯ ದೊರೆಯಬಹುದೆಂದು ಗ್ರೇಮ್ ಸ್ಮಿತ್ ಮತ್ತು ಜಾನ್ ಯಾರ್ಡ್ ಅವರು 2008ರಲ್ಲಿ ತೋರಿಸಿದರು. ಗೌಪ್ಯ ಸಾಮರ್ಥ್ಯಕ್ಕೂ ಕೂಡಿಕೆಯ ನಿಯಮ ಅನ್ವಯಿಸುವುದಿಲ್ಲವೆಂದು 2009ರಲ್ಲಿ ನಿರೂಪಿತವಾಯಿತು.

ಇದರ ಪರಿಣಾಮವಾಗಿ, ಮಾರ್ಗವನ್ನು ಒಂದು ಬಾರಿ ಬಳಸುವ ಲೆಕ್ಕದಿಂದ ನಿಜವಾದ ಗೌಪ್ಯ ಸಾಮರ್ಥ್ಯವನ್ನು ಹೇಳಲಾಗದು. ಅಪರಿಮಿತ ಬಾರಿ ಒಟ್ಟಾಗಿ ಬಳಸುವ ಲೆಕ್ಕ ಬೇಕಾಗುತ್ತದೆ. ಗದ್ದಲವಿರುವ ಅನೇಕ ಮಾರ್ಗಗಳ ನಿಖರ ಗೌಪ್ಯ ಸಾಮರ್ಥ್ಯವನ್ನು ಲೆಕ್ಕ ಹಾಕುವ ದಾರಿ ಇಂದಿಗೂ ದೊರೆತಿಲ್ಲ. ಆದಾಗ್ಯೂ, ಬೆಳಕಿನ ನಷ್ಟ ಮಾತ್ರ ಇರುವ ಆದರ್ಶ ತಂತುವಿನ ಮಟ್ಟಿಗೆ ಕೋಷ್ಟಕ 2ರ ಮಿತಿಯು ಖಚಿತವಾದುದು.

9. ಕರ್ನಾಟಕ ಮತ್ತು ಭಾರತದಲ್ಲಿ ನಡೆದಿರುವ ಕಾರ್ಯಗಳು

• ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಪ್ರೊ. ಉರ್ಬಸಿ ಸಿನ್ಹಾ ಅವರ ನೇತೃತ್ವದ ಪ್ರಯೋಗಾಲಯವು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಸಹಯೋಗದಲ್ಲಿ ಕಾರ್ಯ ನಿರ್ವಹಿಸಿ, 2021ರಲ್ಲಿ 50 ಮೀಟರ್ ಅಂತರದ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯ ಮೂಲಕ ಕೀಲಿ ಹಂಚಿಕೆಯನ್ನು ಸಾಧಿಸಿತು. 2023ರಲ್ಲಿ ಚಲಿಸುವ ಸ್ವೀಕಾರ ಸಾಧನದೊಂದಿಗೂ ಇದನ್ನು ಸಾಧಿಸಿರುವುದನ್ನು ಪ್ರಕಟಿಸಿತು.

• 2021ರ ಮಾರ್ಚ್‌ನಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರವು 300 ಮೀಟರ್ ದೂರದ ಪ್ರಯೋಗವನ್ನು ಪ್ರದರ್ಶಿಸಿತು.

• 2022ರ ಫೆಬ್ರವರಿಯಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ (ಡಿಆರ್‌ಡಿಒ) ಹಾಗೂ ದೆಹಲಿಯ ಐಐಟಿ, ಪ್ರಯಾಗ್‌ರಾಜ್ ಮತ್ತು ವಿಂಧ್ಯಾಚಲ ನಡುವೆ 100 ಕಿ.ಮೀ.ಗೂ ಹೆಚ್ಚು ದೂರದ ವಾಣಿಜ್ಯ ಬಳಕೆಯ ತಂತುವಿನಲ್ಲಿ ಕೀಲಿ ಹಂಚಿಕೆಯನ್ನು ಸಾಧಿಸಿದವು.

• 2023ರ ಏಪ್ರಿಲ್ 19ರಂದು ಕೇಂದ್ರ ಸಚಿವ ಸಂಪುಟವು 6,003.65 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಅನುಮೋದನೆ ನೀಡಿತು. ಇದರ ಅವಧಿ 2023-24ರಿಂದ 2030-31. ದೇಶದೊಳಗೆ 2,000 ಕಿ.ಮೀ. ವ್ಯಾಪ್ತಿಯ ಉಪಗ್ರಹ ಆಧಾರಿತ ಸುರಕ್ಷಿತ ಸಂವಹನ ಹಾಗೂ 2,000 ಕಿ.ಮೀ. ಅಂತರನಗರ ಕೀಲಿ ಹಂಚಿಕೆ ಇದರ ಗುರಿಗಳಲ್ಲಿ ಸೇರಿವೆ.

• 2025ರ ಜೂನ್‌ನಲ್ಲಿ ದೆಹಲಿಯ ಐಐಟಿ ಮತ್ತು ಡಿಆರ್‌ಡಿಒ, ಬಯಲು ಗಾಳಿಯಲ್ಲಿ 1 ಕಿ.ಮೀ.ಗೂ ಹೆಚ್ಚು ದೂರಕ್ಕೆ ಹೆಣೆದ ಫೋಟಾನ್ ಜೋಡಿಗಳ ಮೂಲಕ ಸೆಕೆಂಡಿಗೆ ಸುಮಾರು 240 ಬಿಟ್ ಗುಪ್ತ ಕೀಲಿಯನ್ನು ಪಡೆದವು. ಈ ವೇಗದಲ್ಲಿ ಮೇಲೆ ಹೇಳಿದ 8 ಲಕ್ಷ ಬಿಟ್‌ಗಳ ಕೀಲಿಗೆ ಸುಮಾರು 55 ನಿಮಿಷ ಬೇಕು. ಸಿದ್ಧಾಂತದ ಮಿತಿಗೂ ಇಂದಿನ ಸಾಧನೆಗೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ, ಅದೇ ತಾಲ್ಲೂಕಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವೂ ಇವೆ. ಇವು ಕ್ವಾಂಟಂ ಸಂವಹನಕ್ಕಾಗಿ ಸ್ಥಾಪಿತವಾದವುಗಳಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬಹುದು.

10. ಕ್ವಾಂಟಂ ಮಾರ್ಗವು ರಕ್ಷಿಸದ ಸಂಗತಿಗಳು

ಗೌಪ್ಯ ಸಾಮರ್ಥ್ಯದ ಲೆಕ್ಕವು ಮಾರ್ಗಕ್ಕೆ ಮಾತ್ರ ಅನ್ವಯಿಸುತ್ತದೆ. ಈ ಕೆಳಕಂಡವು ಅದರ ವ್ಯಾಪ್ತಿಗೆ ಬರುವುದಿಲ್ಲ.

(1) ಮಾರ್ಗದ ಎರಡೂ ತುದಿಗಳಲ್ಲಿರುವ ಗಣಕಯಂತ್ರಗಳು ಮತ್ತು ಅವುಗಳಲ್ಲಿ ಶೇಖರವಾಗಿರುವ ದಾಖಲೆಗಳು.
(2) ಅರ್ಜಿದಾರರು ತಾವಾಗಿಯೇ ಇತರರಿಗೆ ತಿಳಿಸಿದ ಒಟಿಪಿ, ಪಾಸ್‌ವರ್ಡ್ ಅಥವಾ ದಾಖಲೆಗಳ ಪ್ರತಿಗಳು.
(3) ಎದುರಿನ ಕಚೇರಿ ನಿಜವಾದುದೇ ಎಂಬ ಖಾತರಿ. ಬಿಬಿ84 ವಿಧಾನದಲ್ಲಿಯೂ ಎರಡು ಕಚೇರಿಗಳು ಪರಸ್ಪರ ಗುರುತಿಸಿಕೊಳ್ಳಲು ಬೇರೆ ಏರ್ಪಾಡು ಇರಬೇಕಾಗುತ್ತದೆ.
(4) ಮಾರ್ಗವನ್ನೇ ಕತ್ತರಿಸುವುದರಿಂದ ಉಂಟಾಗುವ ಅಡಚಣೆ.

ಕ್ವಾಂಟಂ ಗಣಕಯಂತ್ರಕ್ಕೂ ಬಗ್ಗದ ಹೊಸ ಗಣಿತ ವಿಧಾನಗಳ ಮೂರು ಮಾನಕಗಳನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಇವು ಸಾಮಾನ್ಯ ಮಾರ್ಗದಲ್ಲಿ, ಎಷ್ಟು ದೂರಕ್ಕಾದರೂ ಕೆಲಸ ಮಾಡುತ್ತವೆ. ಆದರೆ ಇವುಗಳ ಬಲವು ಗಣಿತ ಸಮಸ್ಯೆಗಳ ಕಾಠಿಣ್ಯವನ್ನು ಆಧರಿಸಿದೆ. ಆದಕಾರಣ ಎರಡೂ ವಿಧಾನಗಳನ್ನು ಒಂದಕ್ಕೊಂದು ಪೂರಕವಾಗಿ ಪರಿಗಣಿಸಬಹುದಾಗಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇವೆಗಳಿಗೆ ಅರ್ಜಿ ಸಲ್ಲಿಸಲು ಅರ್ಜಿದಾರರು ಕ್ವಾಂಟಂ ಉಪಕರಣ ಅಥವಾ ತಂತ್ರಾಂಶವನ್ನು ಹೊಂದಿರಬೇಕೇ?
ಉತ್ತರ: ಇಲ್ಲ. ಕ್ವಾಂಟಂ ಮಾರ್ಗವು ಕಚೇರಿಗಳ ಮತ್ತು ದತ್ತಾಂಶ ಕೇಂದ್ರಗಳ ನಡುವಿನ ಏರ್ಪಾಡು. ‘ಕ್ವಾಂಟಂ ಸುರಕ್ಷತೆ’ಯ ಹೆಸರಿನಲ್ಲಿ ಯಾರಾದರೂ ಪ್ರತ್ಯೇಕ ಹಣ ಅಥವಾ ಒಟಿಪಿ ಕೇಳಿದಲ್ಲಿ ನೀಡಬಾರದು. ವಂಚನೆಗೆ ಒಳಗಾದಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡತಕ್ಕದ್ದು.

ಪ್ರಶ್ನೆ: ಹೆಚ್ಚು ಪ್ರಖರವಾದ ಬೆಳಕನ್ನು ಬಳಸಿ ಗೌಪ್ಯ ಸಾಮರ್ಥ್ಯವನ್ನು ಹೆಚ್ಚಿಸಬಹುದೇ?
ಉತ್ತರ: ಇಲ್ಲ. ಬೆಳಕನ್ನು ಹೆಚ್ಚಿಸಿದರೆ ಸ್ವೀಕರಿಸುವವರಿಗೆ ದೊರೆಯುವಂತೆಯೇ ಹೊರಗೆ ಸೋರುವುದೂ ಹೆಚ್ಚುತ್ತದೆ. 2017ರಲ್ಲಿ ನಿರೂಪಿತವಾದ ಮಿತಿಯು ಎಷ್ಟೇ ಪ್ರಖರವಾದ ಬೆಳಕಿಗೂ ಅನ್ವಯಿಸುತ್ತದೆ.

ಪ್ರಶ್ನೆ: ದೂರದ ಗ್ರಾಮಗಳ ಅರ್ಜಿದಾರರಿಗೆ ಇದರಿಂದ ಅನನುಕೂಲವಾಗುವುದೇ?
ಉತ್ತರ: ನಡುಠಾಣೆಯಿಲ್ಲದ ತಂತುವಿನಲ್ಲಿ ದೂರ ಹೆಚ್ಚಿದಷ್ಟೂ ಕೀಲಿಯ ಪ್ರಮಾಣ ಕಡಿಮೆಯಾಗುವುದು ನಿಜ. ನಡುಠಾಣೆಗಳನ್ನು ಸ್ಥಾಪಿಸಿದಲ್ಲಿ ಪ್ರಮಾಣ ಹೆಚ್ಚುತ್ತದೆ. ಆದರೆ ಠಾಣೆಗಳ ಕಾವಲಿನ ಹೊಣೆಯೂ ಹೆಚ್ಚುತ್ತದೆ. ಆದ್ದರಿಂದ ಮಾರ್ಗವೊಂದನ್ನು ‘ಕ್ವಾಂಟಂ ಸುರಕ್ಷಿತ’ ಎಂದು ಹೇಳಿದಾಗ, ನಡುವೆ ಎಷ್ಟು ಠಾಣೆಗಳಿವೆ ಮತ್ತು ಅವುಗಳನ್ನು ನಂಬಬೇಕಾಗಿದೆಯೇ ಎಂದು ಕೇಳುವುದು ಸಮಂಜಸವಾದ ಪ್ರಶ್ನೆಯಾಗಿದೆ.

ಪ್ರಶ್ನೆ: ಕದ್ದಾಲಿಕೆ ಕಂಡುಬಂದಲ್ಲಿ ಅರ್ಜಿದಾರರ ಮಾಹಿತಿ ಅಷ್ಟರಲ್ಲಿ ಸೋರಿಹೋಗಿರುವುದಿಲ್ಲವೇ?
ಉತ್ತರ: ಇಲ್ಲ. ಫೋಟಾನ್‌ಗಳ ಮೇಲೆ ಅರ್ಜಿದಾರರ ಮಾಹಿತಿ ಇರುವುದಿಲ್ಲ. ಅರ್ಥವಿಲ್ಲದ ಯಾದೃಚ್ಛಿಕ ಬಿಟ್‌ಗಳು ಮಾತ್ರ ಇರುತ್ತವೆ. ತಪ್ಪಿನ ಪ್ರಮಾಣ ಮಿತಿಯನ್ನು ಮೀರಿದಲ್ಲಿ ಅವುಗಳನ್ನು ಕೈಬಿಡಲಾಗುತ್ತದೆ. ಕೀಲಿ ಗುಪ್ತವೆಂದು ಖಚಿತವಾದ ನಂತರವೇ ದಾಖಲೆಯನ್ನು ಗೂಢಲಿಪಿಗೆ ಪರಿವರ್ತಿಸಲಾಗುತ್ತದೆ.

ಪ್ರಶ್ನೆ: ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನು ಇದೆಯೇ?
ಉತ್ತರ: ಇದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಹಾಗೂ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಈ ವಿಷಯಕ್ಕೆ ಸಂಬಂಧಿಸಿವೆ.

12. ವಿಶೇಷ ಸೂಚನೆ

ಮಾರ್ಗದಲ್ಲಿ ಸೋರಿದ್ದನ್ನು ಅಳೆದು ಕಳೆಯಲು ವಿಜ್ಞಾನದಲ್ಲಿ ಸೂತ್ರವುಂಟು. ಕೈಯಾರೆ ಕೊಟ್ಟ ಮಾಹಿತಿಯನ್ನು ಹಿಂಪಡೆಯಲು ಯಾವ ಸೂತ್ರವೂ ಇಲ್ಲ. ಆದುದರಿಂದ ಅರ್ಜಿದಾರರು ಸೇವೆಗೆ ಅಗತ್ಯವಿರುವ ದಾಖಲೆಗಳನ್ನು ಮಾತ್ರ, ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಸಲ್ಲಿಸುವುದು, ಸ್ವೀಕೃತಿ ಪತ್ರವನ್ನು ಪಡೆದು ಭದ್ರವಾಗಿಟ್ಟುಕೊಳ್ಳುವುದು ಹಾಗೂ ಕೇಂದ್ರದ ಗಣಕಯಂತ್ರದಲ್ಲಿ ತಮ್ಮ ದಾಖಲೆಗಳ ಪ್ರತಿಗಳು ಅನಗತ್ಯವಾಗಿ ಉಳಿಯದಂತೆ ನೋಡಿಕೊಳ್ಳುವುದು.